ಗಿಟಾರ್ ಪ್ರಶ್ನೋತ್ತರ: ಎರಡೇ ಸ್ವರಕ್ಕೆ ಗುರುತು ಸಿಗುವುದು ಹೇಗೆ?

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮೆಚ್ಚಿನ ಗಿಟಾರ್ ವಾದಕರ ಬಗ್ಗೆ, ಅವರ ಕೈಗುಣದ ಬಗ್ಗೆ ಕೇಳಿವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಬ್ಲೂಸ್ ವಾದಕರಾದ ಬಿ.ಬಿ. ಕಿಂಗ್, ಆಲ್ಬರ್ಟ್ ಕಿಂಗ್, ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ ಮೂವರೂ ಹೆಚ್ಚುಕಡಿಮೆ ಅದೇ ಐದಾರು ಸ್ವರಗಳಲ್ಲೇ ಸೋಲೊ ನುಡಿಸುತ್ತಾರೆ. ಆದರೂ ಕಣ್ಣು ಮುಚ್ಚಿ ಕೇಳಿದರೆ ಯಾರೆಂದು ಗೊತ್ತಾಗಿಬಿಡುತ್ತದೆ. ಇದು ಹೇಗೆ?

ಉತ್ತರ: ಯಾವ ಸ್ವರ ಎನ್ನುವುದಕ್ಕಿಂತ, ಆ ಸ್ವರ ಹೇಗೆ ಹುಟ್ಟಿತು, ಹುಟ್ಟಿದ ಮೇಲೆ ಹೇಗೆ ಅಲುಗಿತು, ಎಲ್ಲಿ ನಿಂತಿತು ಎನ್ನುವುದರಲ್ಲಿ ವಾದಕ ಸಿಕ್ಕಿಬೀಳುತ್ತಾನೆ. ಮೂವರನ್ನೂ ಈ ದೃಷ್ಟಿಯಿಂದ ಕೇಳಿ ನೋಡಿ.

ಬಿ.ಬಿ. ಕಿಂಗ್ (1925–2015) ವೈಬ್ರೇಟೊ (ಹಿಡಿದ ಸ್ವರವನ್ನು ಅಲುಗಿಸುವುದು) ಮಾಡುವಾಗ ಹೆಬ್ಬೆರಳನ್ನು ಗಿಟಾರಿನ ಕತ್ತಿನಿಂದ ಬಿಡಿಸಿಬಿಡುತ್ತಿದ್ದರು. ಆಸರೆ ಎಂದರೆ ತಂತಿಯ ಮೇಲಿನ ತೋರುಬೆರಳ ತುದಿ ಒಂದೇ. ಅದರ ಮೇಲೆ ಇಡೀ ಮಣಿಕಟ್ಟು ಬೀಗದಲ್ಲಿಟ್ಟ ಕೀಲಿಯ ಹಾಗೆ ಆಚೀಚೆ ತಿರುಗುತ್ತಿತ್ತು. ಅಲುಗಾಟ ಬೇಗ, ಅಗಲ ಕಡಿಮೆ, ಆದರೆ ಲೆಕ್ಕ ತಪ್ಪದು. ಹಾಡುವಾಗ ಅವರು ಗಿಟಾರ್ ನುಡಿಸುತ್ತಿರಲಿಲ್ಲ. ಒಂದು ಸಾಲು ಹಾಡಿ, ಅದಕ್ಕೆ ಗಿಟಾರಿನಲ್ಲಿ ಉತ್ತರ ಕೊಡುವುದು ಅವರ ಕ್ರಮ. ಹಾಗಾಗಿ ಅವರ ಗಿಟಾರ್ ಮಾತುಗಳು ಒಂದು ಉಸಿರಿನಷ್ಟೇ ಉದ್ದ.

ಅವರ ಸ್ವರಸ್ಥಾನವೂ ಗುರುತಿಸುವಂಥದ್ದು. ಎ ಶ್ರುತಿಯಲ್ಲಾದರೆ ಎರಡನೇ ತಂತಿಯ 10ನೇ ಫ್ರೆಟ್ಟಿನ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಮೇಲೆ ತೋರುಬೆರಳು: ಅದು ಷಡ್ಜ. ಅದೇ ತಂತಿಯ 12 ರಿಷಭ, ಮೊದಲ ತಂತಿಯ 10 ಮಧ್ಯಮ, 12 ಪಂಚಮ, ಮೂರನೇ ತಂತಿಯ 11 ಕೆಳಗಿನ ಧೈವತ. ಗಾಂಧಾರ ಎಲ್ಲಿ? ಅದಕ್ಕೆ ಬೆರಳು ಇಡುವುದೇ ಇಲ್ಲ, ರಿಷಭದ ತಂತಿಯನ್ನು ಎಳೆದು ಪಡೆಯುವುದು. ಅರ್ಧ ಟೋನ್ ಎಳೆದರೆ ಸಾಧಾರಣ ಗಾಂಧಾರ, ಪೂರ್ತಿ ಟೋನ್ ಎಳೆದರೆ ಅಂತರ ಗಾಂಧಾರ. ಬ್ಲೂಸ್‌ನ ದುಃಖವೂ ಸಿಹಿಯೂ ಈ ಒಂದು ಎಳೆತದ ಅಂತರದಲ್ಲೇ ಇದೆ. ಐದು ಜಾಗಗಳ ಇಷ್ಟು ಚಿಕ್ಕ ಅಂಗಳದಲ್ಲಿ ಒಬ್ಬರು ಜೀವಮಾನವಿಡೀ ಹೊಸದನ್ನು ಹೇಳಿದರು ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆಲ್ಬರ್ಟ್ ಕಿಂಗ್ (1923–1992) ಎಡಗೈಯವರು. ಬಲಗೈಯವರಿಗೆ ಕಟ್ಟಿದ ತಂತಿಗಳನ್ನು ಬದಲಿಸದೆ ಗಿಟಾರನ್ನು ಹಾಗೇ ತಲೆಕೆಳಗು ಹಿಡಿದು ನುಡಿಸುತ್ತಿದ್ದರು. ಸಣ್ಣ ತಂತಿಗಳು ಮೇಲ್ಗಡೆ ಬರುವುದರಿಂದ ನಾವು ಮೇಲಕ್ಕೆ ತಳ್ಳುವುದನ್ನು ಅವರು ನೆಲದ ಕಡೆಗೆ ಎಳೆಯುತ್ತಿದ್ದರು. ತಂತಿಗಳ ಶ್ರುತಿಯೂ ತಗ್ಗು, ಬಿಗಿ ಕಡಿಮೆ. ಎಳೆಯುವುದಕ್ಕೆ ತಳ್ಳುವುದಕ್ಕಿಂತ ಹೆಚ್ಚು ಬಲ ಸಿಗುತ್ತದೆ. ಅದಕ್ಕೇ ತಂತಿ ಎಳೆದು ಸ್ವರ ಏರಿಸುವ ಅವರ ಬೆಂಡ್‌ಗಳು ಅಷ್ಟು ಅಗಲ, ಅಷ್ಟು ಗಡುಸು. ಪಿಕ್ ಬದಲು ಹೆಬ್ಬೆರಳಿನಿಂದಲೇ ಮೀಟುತ್ತಿದ್ದುದರಿಂದ ಸ್ವರದ ಆರಂಭದಲ್ಲಿ 'ಟಿಕ್' ಎನ್ನುವ ಸದ್ದಿಲ್ಲ, ದಪ್ಪನೆಯ ಒಂದು ಪೆಟ್ಟಿದೆ.

ಗಿಲ್ಮೋರ್ ಅವರಲ್ಲಿ ಗಮನಿಸಬೇಕಾದದ್ದು ತಾಳ್ಮೆ. ಬೆಂಡ್ ತನ್ನ ಜಾಗ ತಲುಪುವವರೆಗೆ ವೈಬ್ರೇಟೊ ಶುರುವಾಗುವುದಿಲ್ಲ. ತಲುಪಿ, ಅಲ್ಲಿ ಕ್ಷಣಕಾಲ ಅಲುಗದೆ ನಿಂತು, ಆಮೇಲೆ ನಿಧಾನವಾಗಿ ಅಲುಗುತ್ತದೆ. ಕೆಲವೆಡೆ ಒಮ್ಮೆ ಎಳೆದು ನಿಲ್ಲಿಸಿ, ಅಲ್ಲಿಂದ ಇನ್ನೂ ಮೇಲಕ್ಕೆ ಎಳೆಯುತ್ತಾರೆ.

ಪ್ರಶ್ನೆ: ಬೆಂಡ್ ಮಾಡಿದಾಗಲೆಲ್ಲ ನನ್ನದು ಬೇಸುರಾಗುತ್ತದೆ. ವೈಬ್ರೇಟೊ ಅಂತೂ ಮೇಕೆ ಅರಚಿದ ಹಾಗಿದೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಬಹುಪಾಲು ಎರಡು ಕಡೆ. ಒಂದು, ಬೆರಳಿನ ಗಂಟುಗಳಿಂದ ತಳ್ಳುತ್ತಿರುತ್ತೀರಿ. ಎರಡು, ತಲುಪಬೇಕಾದ ಸ್ವರ ಕಿವಿಯಲ್ಲಿ ಮೊದಲೇ ಇರುವುದಿಲ್ಲ.

ಮೂರನೇ ತಂತಿಯ 7ನೇ ಫ್ರೆಟ್ಟಿನಲ್ಲಿ ಉಂಗುರದ ಬೆರಳಿಡಿ. ನಡುಬೆರಳು, ತೋರುಬೆರಳು ಅದೇ ತಂತಿಯ ಮೇಲೆ ಅದರ ಹಿಂದೆ ಬೆಂಬಲಕ್ಕಿರಲಿ. ಈಗ ತಳ್ಳಬೇಡಿ. ಮೊದಲು 9ನೇ ಫ್ರೆಟ್ ನುಡಿಸಿ ಆ ಸ್ವರವನ್ನು ಬಾಯಲ್ಲಿ ಹಾಡಿ. ಹಾಡುತ್ತಲೇ 7ನೇ ಫ್ರೆಟ್ಟಿನಿಂದ ಅಲ್ಲಿಗೆ ಎಳೆಯಿರಿ. ಹೆಬ್ಬೆರಳು ಕತ್ತಿನ ಮೇಲಂಚನ್ನು ಹಿಡಿದಿರಲಿ, ತೋರುಬೆರಳಿನ ಬುಡ ಕೆಳ ಅಂಚಿಗೆ ಒತ್ತಿರಲಿ. ಮಣಿಕಟ್ಟು ತಿರುಗಬೇಕು, ಬೆರಳು ಮಡಚಬಾರದು. ಎರಡನೇ ತಂತಿಯ 5ನೇ ಫ್ರೆಟ್ಟಿನಲ್ಲೂ ಅದೇ ಸ್ವರವಿದೆ, ಅದರೊಂದಿಗೆ ತಾಳೆ ನೋಡಿ. ಟ್ಯೂನರನ್ನು ಎದುರಿಗಿಟ್ಟುಕೊಂಡು ಅಭ್ಯಾಸ ಮಾಡುವವರಿದ್ದಾರೆ. ಎಳೆದು ಮುಗಿದ ಮೇಲೆ ನೋಡುವುದಾದರೆ ಸರಿ. ಮುಳ್ಳು ನೋಡುತ್ತಾ ಎಳೆದರೆ ಕಲಿಯುವುದು ಕಣ್ಣು, ಕಿವಿಯಲ್ಲ.

ಹೆಚ್ಚಿನವರ ಬೆಂಡ್ ಗುರಿ ಮುಟ್ಟದೆ ಕೆಳಗೇ ಉಳಿಯುತ್ತದೆ. ತಂತಿ ದಪ್ಪವಿದ್ದರೆ ಇನ್ನೂ ಹೆಚ್ಚು. ಒಂದೇ ಉದ್ದ, ಒಂದೇ ಶ್ರುತಿಗೆ ತಂತಿಯ ಬಿಗಿ ಅದರ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮೊದಲ ತಂತಿಯ ದಪ್ಪವನ್ನು (ಇಂಚಿನ ಸಾವಿರದ ಭಾಗಗಳಲ್ಲಿ) 10ರಿಂದ 9ಕ್ಕೆ ಇಳಿಸಿದರೆ ಬಿಗಿ ಸುಮಾರು ಶೇ 19ರಷ್ಟು ತಗ್ಗುತ್ತದೆ. ತಂತಿ ಅದೇ ಇರಲಿ ಎಂದು ಇಡೀ ಗಿಟಾರನ್ನು ಅರ್ಧ ಟೋನ್ ಇಳಿಸಿ ಶ್ರುತಿ ಮಾಡಿದರೆ ಸುಮಾರು ಶೇ 11. ಬ್ಲೂಸ್ ವಾದಕ ಸ್ಟೀವಿ ರೇ ವಾನ್ 13ರ ದಪ್ಪ ತಂತಿ ಹಾಕುತ್ತಿದ್ದರು ಎಂಬುದನ್ನು ಕೇಳಿ ಅದನ್ನೇ ಕೊಂಡು ತರುವವರು, ಅವರು ಅರ್ಧ ಟೋನ್ ಇಳಿಸಿಯೇ ನುಡಿಸುತ್ತಿದ್ದರು ಎಂಬುದನ್ನು ಮರೆಯುತ್ತಾರೆ. ಕಲಿಯುವವರು 9 ಅಥವಾ 10ರಲ್ಲೇ ಇರಿ. ಬೆರಳಿನ ಗಂಟು ನೋಯಿಸಿಕೊಂಡು ಗಳಿಸುವಂಥದ್ದೇನೂ ಅದರಲ್ಲಿಲ್ಲ.

ಮೇಕೆಯ ವಿಷಯ: ಅಲುಗಾಟ ತಾಳಕ್ಕೆ ಕೂರದೆ, ಪ್ರತಿ ಸಲ ಬೇರೆ ಬೇರೆ ಎತ್ತರಕ್ಕೆ ಹೋದಾಗ ಹಾಗೆ ಕೇಳುತ್ತದೆ. ಮೆಟ್ರೊನೋಮ್ 60ಕ್ಕಿಡಿ. ಒಂದು ಬೀಟಿಗೆ ಎರಡು ಅಲುಗು, ನಿಮಿಷದ ನಂತರ ಮೂರು, ಆಮೇಲೆ ನಾಲ್ಕು. ಪ್ರತಿ ಅಲುಗಿನಲ್ಲೂ ತಂತಿ ಮೂಲಸ್ವರಕ್ಕೆ ಪೂರ್ತಿ ವಾಪಸು ಬರಲೇಬೇಕು. ಬರದಿದ್ದರೆ ಸ್ವರ ಒಟ್ಟಾರೆ ಮೇಲಕ್ಕೆ ಸರಿದಂತೆ ಕೇಳುತ್ತದೆ. ಎಳೆದು ಹಿಡಿದ ಸ್ವರದ ಮೇಲೆ ವೈಬ್ರೇಟೊ ಮಾಡುವುದು ಇದರ ತಿರುಗುಮುರುಗು: ಅಲ್ಲಿ ತುದಿಯೇ ಗುರಿ, ಅಲುಗಾಟ ಅಲ್ಲಿಂದ ಕೆಳಕ್ಕಿಳಿದು ಮತ್ತೆ ಅಲ್ಲಿಗೇ ಏರಬೇಕು. ಇದು ಕೈಗೆ ಹತ್ತಲು ತಿಂಗಳುಗಳು ಬೇಕು, ಅವಸರ ಬೇಡ.

ಪ್ರಶ್ನೆ: ಡೈರ್ ಸ್ಟ್ರೈಟ್ಸ್ ತಂಡದ ಮಾರ್ಕ್ ನಾಫ್ಲರ್ ಬಳಸಿದಂಥದ್ದೇ ಗಿಟಾರ್ ಕೊಂಡೆ, ಪೆಡಲ್‌ಗಳನ್ನೂ ಕೂಡಿಸಿದೆ. ಆದರೂ ಆ ನಾದ ಬರುತ್ತಿಲ್ಲ. ಆಂಪ್ ಬದಲಿಸಲೇ?

ಉತ್ತರ: ಬದಲಿಸಬೇಡಿ. ಮೊದಲು ಪಿಕ್ ಕೆಳಗಿಡಿ. ನಾಫ್ಲರ್ ಅವರ ಆ ನಾದ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ತಿರುಳಿನಿಂದ ಬಂದದ್ದು. ಬೆರಳು ತಂತಿಯ ಅಡಿಗೆ ಹೋಗಿ ಅದನ್ನು ಸ್ವಲ್ಪ ಎತ್ತಿ ಬಿಟ್ಟಾಗ ತಂತಿ ಫ್ರೆಟ್ಟಿಗೆ ಬಡಿದು 'ಟಪ್' ಎನ್ನುತ್ತದೆ. ಜೋರಾಗಿ ಮೀಟಿದ ಸ್ವರಕ್ಕೆ ಆ ಟಪ್ ಇದೆ, ಮೆಲ್ಲಗೆ ಮೀಟಿದ್ದಕ್ಕಿಲ್ಲ. ಆದ್ದರಿಂದ ಒಂದೇ ಸಾಲಿನಲ್ಲಿ ಎರಡು ದನಿ ಕೇಳುತ್ತದೆ. ಪಿಕ್‌ನಲ್ಲಿ ಇದು ಬಾರದು. ಸ್ಟ್ರಾಟೊಕ್ಯಾಸ್ಟರ್ ಮಾದರಿಯಾದರೆ ಸ್ವಿಚ್ಚನ್ನು ಬ್ರಿಡ್ಜ್ (ತಂತಿಗಳ ಕೆಳ ತುದಿಯ ಆಸರೆ) ಬಳಿಯ ಪಿಕಪ್ಪಿಗೂ (ತಂತಿಯ ಅಲುಗಾಟ ಹಿಡಿಯುವ ಸಾಧನ) ನಡುವಿನ ಪಿಕಪ್ಪಿಗೂ ಮಧ್ಯದ ಸ್ಥಾನದಲ್ಲಿಡಿ, ಎರಡೂ ಕೂಡಿ ಕೆಲಸ ಮಾಡುತ್ತವೆ. ಆಂಪಿನ ಗೇನ್ (ಸದ್ದನ್ನು ಒರಟಾಗಿಸುವ ಗುಂಡಿ) ತಗ್ಗಿಸಿ. ಗೇನ್ ಹೆಚ್ಚಾದಷ್ಟೂ ಮೆಲ್ಲಗೆ ಮೀಟಿದ್ದೂ ಜೋರಾಗಿ ಮೀಟಿದ್ದೂ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತವೆ, ನಿಮ್ಮ ಕೈ ಮಾತಾಡುವುದು ಅಲ್ಲಿಗೆ ಮುಗಿಯಿತು.

ಮೀಟುವ ಜಾಗವನ್ನೂ ನೋಡಿಕೊಳ್ಳಿ. ಬ್ರಿಡ್ಜಿನ ಹತ್ತಿರ ಮೀಟಿದರೆ ಮೇಲಿನ ಅನುಸ್ವರಗಳ ಪಾಲು ಹೆಚ್ಚಿ ನಾದ ಚೂಪಾಗುತ್ತದೆ. ಕತ್ತಿನ ಕಡೆ ಬಂದಷ್ಟೂ ಮೆದುವಾಗುತ್ತದೆ. ನಾಲ್ಕು ಬೆರಳಗಲದ ಈ ವ್ಯತ್ಯಾಸ ಅನೇಕ ಪೆಡಲ್‌ಗಳಿಗಿಂತ ದೊಡ್ಡದು. ಪಿಕ್ ಬಳಸುವವರಿಗೂ ಇದೇ ಮಾತು: ತೆಳು ಪಿಕ್ ಬಳುಕಿ ತಡವಾಗಿ ಬಿಡುತ್ತದೆ, ಒಂದೂವರೆ ಮಿಲಿಮೀಟರಿನದು ಬಳುಕದೆ ನೇರ ಹೊಡೆಯುತ್ತದೆ. ಕ್ವೀನ್ ತಂಡದ ಬ್ರಿಯಾನ್ ಮೇ ಪಿಕ್ ಬದಲು ಹಳೆಯ ಬ್ರಿಟಿಷ್ ಆರು ಪೆನ್ಸ್ ನಾಣ್ಯ ಹಿಡಿಯುತ್ತಾರೆ. ಅದರ ಗರಗಸದಂಥ ಅಂಚು ತಂತಿಗೆ ತಾಗುವಾಗ ಬರುವ ಸಣ್ಣ ಗರಗರ ಅವರ ಸ್ವರಗಳ ಮೊದಲ ಅಕ್ಷರವಿದ್ದಂತೆ. ಅವರ ಗಿಟಾರು ಕೂಡ ತಂದೆಯ ಜೊತೆ ಸೇರಿ 1963ರಿಂದ ಮನೆಯಲ್ಲೇ ಕಟ್ಟಿದ್ದು.

ಸಲಕರಣೆಯೇ ಶೈಲಿಯ ಅರ್ಧ ಭಾಗವಾಗಿರುವ ವಾದಕರೂ ಇದ್ದಾರೆ, ಅದನ್ನು ಮುಚ್ಚಿಡಬಾರದು. ಯು2 ತಂಡದ ದಿ ಎಡ್ಜ್ ಅವರಲ್ಲಿ ಡಿಲೇ (ಮೀಟಿದ ಸ್ವರವನ್ನು ತುಸು ತಡವಾಗಿ ಮರುನುಡಿಸುವ ಸಾಧನ) ಇಲ್ಲದಿದ್ದರೆ ಆ ನಡೆಯೇ ಇಲ್ಲ. ಅಲ್ಲಿ ಲೆಕ್ಕ ಮುಖ್ಯ: 60,000ವನ್ನು ಹಾಡಿನ ನಿಮಿಷದ ಬೀಟ್ ಸಂಖ್ಯೆಯಿಂದ ಭಾಗಿಸಿ, ಬಂದದ್ದರ ಮುಕ್ಕಾಲು ಪಾಲು ತೆಗೆದುಕೊಳ್ಳಿ. 120 ಬೀಟಿನ ವೇಗಕ್ಕೆ 375 ಮಿಲಿಸೆಕೆಂಡು. ನೀವು ಬೀಟಿಗೆ ಎರಡರಂತೆ ಸಮನಾಗಿ ಮೀಟಿದರೆ ಪ್ರತಿಧ್ವನಿ ನಡುವಿನ ಸಂದುಗಳಲ್ಲಿ ಬೀಳುತ್ತದೆ, ಬೀಟಿಗೆ ನಾಲ್ಕು ಮೀಟಿದಂತೆ ಕೇಳುತ್ತದೆ. ಪ್ರತಿಧ್ವನಿಯ ಮಟ್ಟ ಮೂಲಸ್ವರಕ್ಕಿಂತ ಸ್ವಲ್ಪವೇ ಕಡಿಮೆ ಇರಲಿ. ಮೀಟು ತುಸು ಓಡಿದರೂ ಎಲ್ಲ ಕಲಸಿಹೋಗುತ್ತದೆ, ಆದ್ದರಿಂದ ಡಿಲೇಯನ್ನು ಮೊದಲು ಬಂದ್ ಮಾಡಿ, ಮೆಟ್ರೊನೋಮಿನೊಂದಿಗೆ ಕೈ ಕೂರಿಸಿಕೊಂಡ ಮೇಲೆ ಹಚ್ಚಿ.

ಪ್ರಶ್ನೆ: ನನ್ನ ಬೆರಳುಗಳು ಚಿಕ್ಕವು, ಕಿರುಬೆರಳಿಗೆ ಬಲವೇ ಇಲ್ಲ. ಒಳ್ಳೆಯ ವಾದಕಿಯಾಗಲು ಸಾಧ್ಯವೇ?

ಉತ್ತರ: ಸಾಧ್ಯ, ಮತ್ತು ನಿಮ್ಮ ಶೈಲಿ ಬಹುಶಃ ಅಲ್ಲಿಂದಲೇ ಹುಟ್ಟುತ್ತದೆ. ಜ್ಯಾಸ್ ವಾದಕ ಜ್ಯಾಂಗೊ ರೈನ್‌ಹಾರ್ಟ್ (1910–1953) ಅವರ ಎಡಗೈಯ ಉಂಗುರದ ಬೆರಳು, ಕಿರುಬೆರಳು 1928ರ ಬೆಂಕಿ ಅನಾಹುತದಲ್ಲಿ ಸುಟ್ಟು ಸೆಟೆದುಕೊಂಡವು. ಆಮೇಲೆ ಸೋಲೊ ಎಲ್ಲ ತೋರುಬೆರಳು, ನಡುಬೆರಳುಗಳಲ್ಲೇ. ಎರಡು ಬೆರಳಿಗೆ ಒಂದೇ ಜಾಗದಲ್ಲಿ ನಿಂತು ಸ್ಕೇಲ್ ನುಡಿಸುವುದು ಕಷ್ಟ; ಕತ್ತಿನ ಉದ್ದಕ್ಕೂ ಓಡಬೇಕು. ಅವರ ಆರ್ಪೆಜಿಯೊಗಳು (ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ನುಡಿಸುವುದು) ಕೆಳಗಿನಿಂದ ಮೇಲಕ್ಕೆ ಬಾಣದಂತೆ ಹಾರುವುದಕ್ಕೆ ಇದೂ ಒಂದು ಕಾರಣ. ಸೆಟೆದ ಬೆರಳುಗಳನ್ನು ಕಾರ್ಡ್ ಹಿಡಿಯುವಾಗ ಸಣ್ಣ ತಂತಿಗಳ ಮೇಲೆ ಬಳಸುತ್ತಿದ್ದರು. ಬಲಗೈಯಲ್ಲಿ ದಪ್ಪ ಪಿಕ್, ಮೀಟಿದ ಮೇಲೆ ಪಿಕ್ ಕೆಳಗಿನ ತಂತಿಗೆ ಒರಗಿ ನಿಲ್ಲುವ ಕ್ರಮ. ಮೈಕ್ ಇಲ್ಲದೆಯೂ ಕೇಳುವಷ್ಟು ಬಲ ಅದರಿಂದ ಬರುತ್ತದೆ.

ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಅಯೋಮಿ ಎಡಗೈ ವಾದಕರು. 17ರ ವಯಸ್ಸಿನಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ, ಎಂದರೆ ಫ್ರೆಟ್ ಒತ್ತುವ ಕೈಯ, ಎರಡು ಬೆರಳ ತುದಿ ಕಳೆದುಕೊಂಡರು. ಆಗ ಅವರಿಗೆ ಧೈರ್ಯ ಕೊಟ್ಟದ್ದು ಜ್ಯಾಂಗೊ ಅವರ ಧ್ವನಿಮುದ್ರಿಕೆಯೇ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು, ಅದಕ್ಕೆ ಚರ್ಮ ಅಂಟಿಸಿ, ತೆಳು ತಂತಿ ಹಾಕಿದರು. 1971ರ ಆಲ್ಬಮ್‌ನ ಹೊತ್ತಿಗೆ ಕೆಲವು ಹಾಡುಗಳಿಗೆ ಶ್ರುತಿಯನ್ನು ಒಂದೂವರೆ ಟೋನ್ ಇಳಿಸಿದರು. ಇಂದು ಭಾರವಾದ ರಾಕ್ ಎಂದಾಕ್ಷಣ ಕಿವಿಗೆ ಬರುವ ಆ ತಗ್ಗಿದ ಗುಡುಗಿನಲ್ಲಿ ಒಂದು ಗಾಯದ ಪಾಲಿದೆ.

ನಿಮ್ಮ ಮಟ್ಟಿಗೆ: ಸ್ಕೇಲ್ ಉದ್ದ (ಮೊಳಗುವ ತಂತಿಯ ಉದ್ದ) ಕಡಿಮೆ ಇರುವ ಗಿಟಾರ್ ಹಿಡಿದು ನೋಡಿ, 24.75 ಇಂಚಿನದರಲ್ಲಿ ಫ್ರೆಟ್ಟುಗಳ ಅಂತರ 25.5 ಇಂಚಿನದಕ್ಕಿಂತ ಕಿರಿದು, ತಂತಿಯ ಬಿಗಿಯೂ ಕಡಿಮೆ. ಆರೂ ತಂತಿಯನ್ನು ಒಂದೇ ಬೆರಳಿಂದ ಅಡ್ಡ ಒತ್ತುವ ಬಾರೆ ಕಾರ್ಡ್‌ಗಳ ಬದಲು ಮೂರು ತಂತಿಯ ಕಾರ್ಡ್‌ಗಳನ್ನು ಕಲಿಯಿರಿ. ತಂಡದಲ್ಲಿ ಬಾಸ್ ಗಿಟಾರ್ ಇರುವಾಗ ಕೆಳಗಿನ ಸ್ವರಗಳನ್ನು ನೀವು ಮತ್ತೆ ಹೊರುವ ಅಗತ್ಯವಿಲ್ಲ.

ಪ್ರಶ್ನೆ: ರಿದಮ್ ನುಡಿಸುವವರಿಗೂ ಸ್ವಂತ ಶೈಲಿ ಇರುತ್ತದೆಯೇ? ಎಲ್ಲರೂ ಸೋಲೊ ಬಗ್ಗೆಯೇ ಬರೆಯುತ್ತಾರೆ.

ಉತ್ತರ: ನಿಮ್ಮ ದೂರು ನ್ಯಾಯವಾದದ್ದು. ಫ್ರೆಡ್ಡಿ ಗ್ರೀನ್ 1937ರಲ್ಲಿ ಕೌಂಟ್ ಬೇಸಿ ಅವರ ಜ್ಯಾಸ್ ಆರ್ಕೆಸ್ಟ್ರಾ ಸೇರಿ, 1987ರಲ್ಲಿ ತೀರಿಕೊಳ್ಳುವವರೆಗೂ ಬಹುತೇಕ ಅಲ್ಲೇ ಇದ್ದರು. ಆಂಪ್ ಇಲ್ಲದ ಗಿಟಾರಿನಲ್ಲಿ ಒಂದು ಆವರ್ತಕ್ಕೆ ನಾಲ್ಕು ಪೆಟ್ಟು, ಅಷ್ಟೇ. ಸೋಲೊ ತೀರಾ ಅಪರೂಪ. ತಂತಿಗಳನ್ನು ಬಹಳ ಎತ್ತರಕ್ಕಿಟ್ಟು, ಪೆಟ್ಟು ಬಿದ್ದ ತಕ್ಷಣ ಎಡಗೈ ಸಡಿಲಿಸಿ ಸ್ವರ ನಿಲ್ಲಿಸುತ್ತಿದ್ದರು. ಹಲವು ಸಲ ಒಂದೆರಡು ತಂತಿ ಮಾತ್ರ ನಿಜವಾಗಿ ಮೊಳಗುತ್ತಿತ್ತು, ಉಳಿದವು ಮುಚ್ಚಿರುತ್ತಿದ್ದವು. ಡ್ರಮ್ಸ್, ಬಾಸ್ ಎರಡೂ ಆ ಪೆಟ್ಟಿಗೆ ಒರಗಿ ನಡೆಯುತ್ತಿದ್ದವು.

ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಅವರದು ಇನ್ನೊಂದು ದಾರಿ. ಆರನೇ ತಂತಿ ತೆಗೆದುಬಿಡಿ. ಐದನೆಯದನ್ನು ಎಯಿಂದ ಜಿಗೆ, ಮೊದಲನೆಯದನ್ನು ಇಯಿಂದ ಡಿಗೆ ಇಳಿಸಿ. ಈಗ ಜಿ, ಡಿ, ಜಿ, ಬಿ, ಡಿ. ಒಂದು ಬೆರಳು ಅಡ್ಡ ಇಟ್ಟರೆ ಪೂರ್ತಿ ಮೇಜರ್ ಕಾರ್ಡ್. ಆ ಬೆರಳು ಹಾಗೇ ಇರಲಿ, ನಡುಬೆರಳನ್ನು ಎರಡನೇ ತಂತಿಯ ಮೇಲೆ ಒಂದು ಫ್ರೆಟ್ ಮುಂದೆ, ಉಂಗುರದ ಬೆರಳನ್ನು ನಾಲ್ಕನೇ ತಂತಿಯ ಮೇಲೆ ಎರಡು ಫ್ರೆಟ್ ಮುಂದೆ ಇಟ್ಟು ತೆಗೆದರೆ ಅವರ ಹಾಡುಗಳ ಬಾಗಿಲೇ ತೆರೆದಂತಾಗುತ್ತದೆ. ಸಾಮಾನ್ಯ ಶ್ರುತಿಯಲ್ಲಿ ಅದೇ ಸ್ವರಗಳನ್ನು ಹಿಡಿಯಬಹುದು, ಆದರೆ ಕೈ ಅಷ್ಟು ಸಲೀಸಾಗಿ ತೂಗುವುದಿಲ್ಲ.

ಪ್ರಶ್ನೆ: ಗಿಟಾರಿನಲ್ಲಿ ಗಮಕ ನುಡಿಸಬಹುದೇ? ಫ್ರೆಟ್ ಅಡ್ಡಿಯಾಗುವುದಿಲ್ಲವೇ?

ಉತ್ತರ: ಅಡ್ಡಿಯಾಗುತ್ತದೆ, ಆದರೆ ಸುತ್ತುದಾರಿಗಳಿವೆ. ಬೆಂಡ್ ಮೇಲಕ್ಕೆ ಮಾತ್ರ ಹೋಗುತ್ತದೆ. ಮೇಲಿನಿಂದ ಇಳಿದು ಬರುವ ಎಳೆತಕ್ಕೆ ತಂತಿಯನ್ನು ಮೊದಲೇ ಸದ್ದಿಲ್ಲದೆ ಎಳೆದಿಟ್ಟು, ಮೀಟಿ, ಆಮೇಲೆ ಸಡಿಲಿಸಬೇಕು. ಎಷ್ಟು ಎಳೆದಿದ್ದೇವೆ ಎಂಬುದು ಮೀಟುವ ಮೊದಲು ಕೇಳಿಸದ ಕಾರಣ ಬೆರಳಿಗೇ ಅಳತೆ ನೆನಪಿರಬೇಕು. ಜಾರು ಸುಲಭ, ಒತ್ತಡ ಬಿಡದೆ ಫ್ರೆಟ್ಟುಗಳ ಮೇಲೆ ಸರಿದರಾಯಿತು. ಕಂಪಿತಕ್ಕೆ ಎರಡು ಫ್ರೆಟ್ಟುಗಳ ನಡುವೆ ಒಂದೇ ಬೆರಳನ್ನು ಬೇಗ ಬೇಗ ಸರಿಸುವುದು ಒಂದು ಕ್ರಮ. ಒತ್ತಡ ಹೆಚ್ಚಾದರೆ ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತದೆ. ಕರ್ನಾಟಕ ಸಂಗೀತವನ್ನು ಗಿಟಾರಿನಲ್ಲಿ ನುಡಿಸುವ ಪ್ರಸನ್ನ ಅವರ ಎಡಗೈಯನ್ನು ಗಮನಿಸಿದರೆ ಎಳೆತ, ಜಾರು ಎರಡೂ ಹೇಗೆ ಬೆರೆಯುತ್ತವೆ ಎಂಬುದು ತಿಳಿಯುತ್ತದೆ.

1970ರ ದಶಕದ ಶಕ್ತಿ ತಂಡದಲ್ಲಿ ಜಾನ್ ಮೆಕ್‌ಲಾಗ್ಲಿನ್ ಬಳಸಿದ ಗಿಟಾರಿನಲ್ಲಿ ಫ್ರೆಟ್ಟುಗಳ ನಡುವಿನ ಮರವನ್ನು ತಗ್ಗಾಗಿ ಕೆತ್ತಲಾಗಿತ್ತು. ಅಡ್ಡಲಾಗಿ ಅನುರಣನದ ತಂತಿಗಳೂ ಇದ್ದವು. ಮರಕ್ಕೆ ಬೆರಳು ತಾಗದ ಕಾರಣ ತಂತಿಯನ್ನು ಪೂರ್ತಿ ಹಿಡಿದು ದೂರ ಎಳೆಯಬಹುದು. ಅಪಾಯವೂ ಅಲ್ಲೇ: ತುಸು ಜೋರಾಗಿ ಒತ್ತಿದರೂ ಶ್ರುತಿ ಏರುತ್ತದೆ, ಕಾರ್ಡ್‌ಗಳು ಬೇಸುರಾಗುತ್ತವೆ.

ಮೂರನೆಯ ದಾರಿ ಸ್ಲೈಡ್. ಮಡಿಲಲ್ಲಿಟ್ಟು ಉಕ್ಕಿನ ಸಲಾಕೆಯಿಂದ ನುಡಿಸುವ ಮೋಹನವೀಣೆಯ ವಿಶ್ವಮೋಹನ ಭಟ್ ಅವರಿಗೆ ರೈ ಕೂಡರ್ ಜೊತೆಗಿನ ಆಲ್ಬಮ್‌ಗಾಗಿ 1994ರಲ್ಲಿ ಗ್ರ್ಯಾಮಿ ಬಂತು. ಮಾಮೂಲಿ ಗಿಟಾರಿನಲ್ಲಿ ಬೆರಳಿಗೆ ಗಾಜಿನ ಕೊಳವೆ ತೊಡುವುದಾದರೆ ಮೂರು ಮಾತು ನೆನಪಿಡಿ. ಕೊಳವೆ ಫ್ರೆಟ್ಟಿನ ಹಿಂದೆ ಅಲ್ಲ, ಸರಿಯಾಗಿ ಫ್ರೆಟ್ ತಂತಿಯ ನೆತ್ತಿಯ ಮೇಲೆ ಬರಬೇಕು. ಒತ್ತಬಾರದು, ತಾಗಿಸಿದರೆ ಸಾಕು. ಅದರ ಹಿಂದಿನ ಬೆರಳು ತಂತಿಗಳನ್ನು ಹಗುರವಾಗಿ ಮುಟ್ಟಿಕೊಂಡಿರಬೇಕು, ಇಲ್ಲವಾದರೆ ಹಿಂಭಾಗವೂ ಕೀರಲಾಡುತ್ತದೆ.

ಪ್ರಶ್ನೆ: ಮೆಚ್ಚಿನವರನ್ನು ಅನುಕರಿಸುತ್ತಾ ಅವರ ನೆರಳಾಗಿ ಉಳಿಯುವ ಭಯ. ಏನು ಮಾಡಲಿ?

ಉತ್ತರ: ಅನುಕರಣೆ ಬಿಡಬೇಡಿ, ಅದನ್ನು ಇನ್ನೂ ಸೂಕ್ಷ್ಮ ಮಾಡಿ. ಇಡೀ ಸೋಲೊ ಬೇಡ, ನಾಲ್ಕು ಆವರ್ತ ಸಾಕು. ಗಿಟಾರ್ ಮುಟ್ಟುವ ಮೊದಲು ಬಾಯಲ್ಲಿ ಹಾಡಿ ಕಲಿಯಿರಿ. ಟ್ಯಾಬ್ ನೋಡಬೇಡಿ: ಅದು ಫ್ರೆಟ್ ಸಂಖ್ಯೆ ಹೇಳುತ್ತದೆ, ಮೀಟಿನ ಬಲ ಹೇಳುವುದಿಲ್ಲ. ಮೂಲದ ಜೊತೆ ನುಡಿಸಿ ಧ್ವನಿಮುದ್ರಿಸಿ, ಎರಡನ್ನೂ ಒಂದರ ಹಿಂದೊಂದು ಕೇಳಿ. ಬೀಟಿನ ಮೇಲೆಯೇ ಬೀಳುತ್ತಿದ್ದೀರಾ, ಅವರು ತುಸು ಹಿಂದೆ ಬೀಳುತ್ತಿದ್ದಾರಾ? ಸ್ವರ ಎಲ್ಲಿ ನಿಲ್ಲಿಸುತ್ತಾರೆ? ಹೆಚ್ಚಿನವರು ಸ್ವರದ ಆರಂಭ ಕಲಿತು ಅಂತ್ಯ ಕಲಿಯುವುದೇ ಇಲ್ಲ.

ಅದು ಕೂತ ಮೇಲೆ ಒಂದೊಂದನ್ನೇ ಬದಲಿಸಿ. ಸ್ವರಗಳು ಅವೇ, ಲಯ ಬೇರೆ. ಲಯ ಅದೇ, ಸ್ವರಗಳು ಬೇರೆ. ಎರಡೂ ಅವೇ, ಪಿಕ್ ಬದಲು ಹೆಬ್ಬೆರಳು. ಜ್ಯಾಸ್ ವಾದಕ ವೆಸ್ ಮಾಂಟ್ಗೊಮೆರಿ (1923–1968) ಅವರಿಂದ ಹೆಬ್ಬೆರಳೂ ಆಕ್ಟೇವುಗಳೂ ಸಿಗುತ್ತವೆ: ಐದನೇ ತಂತಿಯ 3ನೇ ಫ್ರೆಟ್, ಮೂರನೇ ತಂತಿಯ 5ನೇ ಫ್ರೆಟ್, ನಡುವಿನ ತಂತಿ ತೋರುಬೆರಳಿನ ಒಳಮೈಯಿಂದ ಮುಚ್ಚಿರಬೇಕು. ನಾಲ್ಕು ಮತ್ತು ಎರಡನೇ ತಂತಿಗೆ ಹೋದಾಗ ಅಂತರ ಎರಡಲ್ಲ, ಮೂರು ಫ್ರೆಟ್. ಎಲ್ಲರೂ ಎಡವುವ ಜಾಗ ಇದು. ಒಬ್ಬರ ಬಳಿ ಮಾತ್ರ ಕಲಿತರೆ ನೆರಳಾಗುವುದು ನಿಜ. ಒಬ್ಬರಿಂದ ವೈಬ್ರೇಟೊ, ಇನ್ನೊಬ್ಬರಿಂದ ಬಲಗೈ, ಮತ್ತೊಬ್ಬರಿಂದ ಮೌನ ತೆಗೆದುಕೊಳ್ಳಿ.

ಪ್ರಶ್ನೆ: ಒಬ್ಬರನ್ನೇ ಹೆಸರಿಸಿ ಎಂದರೆ ಯಾರು?

ಉತ್ತರ: ಬ್ರಿಟಿಷ್ ರಾಕ್ ವಾದಕ ಜೆಫ್ ಬೆಕ್ (1944–2023). 1980ರ ದಶಕದಲ್ಲಿ ಪಿಕ್ ಬಿಟ್ಟು ಹೆಬ್ಬೆರಳಿಗೆ ಬಂದರು. ಮಿಕ್ಕ ಬೆರಳುಗಳಲ್ಲಿ ಟ್ರೆಮೊಲೊ ಕಡ್ಡಿ, ಕಿರುಬೆರಳಿನಲ್ಲಿ ವಾಲ್ಯೂಮ್ ಗುಂಡಿ. ಬ್ರಿಡ್ಜ್ ತೇಲುವಂತಿದ್ದುದರಿಂದ ಕಡ್ಡಿಯಲ್ಲಿ ಸ್ವರವನ್ನು ಏರಿಸಲೂ ಇಳಿಸಲೂ ಬರುತ್ತಿತ್ತು. ವಾಲ್ಯೂಮ್ ಮುಚ್ಚಿಟ್ಟು ಮೀಟಿ ಆಮೇಲೆ ತೆರೆದರೆ ಮೀಟಿದ ಪೆಟ್ಟೇ ಕೇಳುವುದಿಲ್ಲ, ದನಿ ಗಂಟಲಿನಿಂದ ಬಂದಂತಿರುತ್ತದೆ. ಗಿಟಾರಿನಲ್ಲಿ ಹಾಡಿದವರು ಬೇರೆಯವರೂ ಇದ್ದಾರೆ; ಇಷ್ಟು ಹತ್ತಿರ ಬಂದವರು ನಮ್ಮ ಕಿವಿಗೆ ಇನ್ನೊಬ್ಬರಿಲ್ಲ.

ಪ್ರಶ್ನೆ: ನಾನು ಎಡಚ. ಹೆಂಡ್ರಿಕ್ಸ್ ಮಾಡಿದ ಹಾಗೆ ಬಲಗೈ ಗಿಟಾರನ್ನು ತಿರುಗಿಸಿ ತಂತಿ ಅದಲುಬದಲು ಮಾಡಬಹುದೇ?

ಉತ್ತರ: ಮಾಡಬಹುದು. ನಟ್‌ನ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸೀಳುಗಳು ಮೊದಲು ಅಡ್ಡ ಬರುತ್ತವೆ: ದಪ್ಪ ತಂತಿ ಸಣ್ಣ ಸೀಳಿನಲ್ಲಿ ಕೂರುವುದಿಲ್ಲ, ಸಣ್ಣದು ದೊಡ್ಡ ಸೀಳಿನಲ್ಲಿ ಅದುರುತ್ತದೆ. ನಟ್ ಬದಲಿಸಲೇಬೇಕು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಬ್ರಿಡ್ಜಿನ ಸ್ಯಾಡಲ್‌ಗಳನ್ನು ಒಂದೊಂದಾಗಿ ಹಿಂದೆಮುಂದೆ ಮಾಡಿ, 12ನೇ ಫ್ರೆಟ್ಟಿನ ಸ್ವರವೂ ಅಲ್ಲಿನ ಹಾರ್ಮೋನಿಕ್ಕೂ ಒಂದೇ ಆಗುವಂತೆ ಹೊಂದಿಸಬಹುದು. ಅಕೂಸ್ಟಿಕ್‌ನಲ್ಲಿ ಸ್ಯಾಡಲ್ ಓರೆಯಾಗಿ ಅಂಟಿಕೊಂಡಿರುತ್ತದೆ, ಒಳಗಿನ ಆಧಾರಪಟ್ಟಿಗಳೂ ಬಲಗೈ ಲೆಕ್ಕದ್ದು. ಅದನ್ನು ತಿರುಗಿಸುವ ಬದಲು ಎಡಗೈಗೇ ಮಾಡಿದ್ದನ್ನು ಕೊಳ್ಳಿ. ಈಗಷ್ಟೇ ಶುರು ಮಾಡುತ್ತಿದ್ದರೆ ಬಲಗೈ ಕ್ರಮದಲ್ಲೂ ಒಂದು ತಿಂಗಳು ಕೂತು ನೋಡಿ. ಮಾರ್ಕ್ ನಾಫ್ಲರ್ ಎಡಚರು, ನುಡಿಸುವುದು ಬಲಗೈಯವರಂತೆ.